ಗಂಡನ ಮೇಲೆ ಹೊರಿಸಿದ ತಪ್ಪು

ಕುಂದಾಣದ ಶಾಮಲಾ ಹನ್ನೊಂದು ವರ್ಷ ಗಂಡನ ಜೊತೆ ಮೈಕ್‌ಸೆಟ್ ಕೆಲಸ ಮಾಡಿದವಳು. ಕೆಂಪರಾಜ್ ಸ್ಪೀಕರ್ ಹೊರೋನು, ಇವಳು ದನಿ ಹೆಚ್ಚು ಕಡಿಮೆ ಮಾಡೋ ಮಿಕ್ಸರ್ ಮುಂದೆ ಕೂರೋಳು. ಶಿವರಾತ್ರಿ ಆದ ವಾರ ಅವನು ಎದೆ ಹಿಡ್ಕೊಂಡು ಕೂತವನು ಏಳಲಿಲ್ಲ. ಸ್ಪೀಕರ್ ಹೊರೋಕೆ ಇವಳ ಕೈಲಾಗಲಿಲ್ಲ. ಕೂತು ಮಾಡೋ ಕೆಲಸ ಬೇಕಾಯ್ತು.

ದೇವನಹಳ್ಳಿಯಲ್ಲಿ ವಿಡಿಯೋ ಎಡಿಟ್ ಮಾಡೋ ಫಿರ್ದೌಸ್, "ರೆಕಾರ್ಡ್ ಆಗಿರೋ ಸೌಂಡ್ ಕ್ಲೀನ್ ಮಾಡಿಕೊಡಿ ಅಕ್ಕಾ, ನಿಮ್ಗೆ ಕಿವಿ ಇದೆ" ಅಂದಳು. ಕಂಪ್ಯೂಟರಿಗೆ ಎರಡು ಸಾಫ್ಟ್‌ವೇರ್ ಹಾಕಿಕೊಟ್ಟಳು. ಒಂದರಲ್ಲಿ ಬಟನ್ ಒತ್ತಿದರೆ ಗದ್ದಲ ತಾನೇ ಹೋಗುತ್ತೆ. ಇನ್ನೊಂದರಲ್ಲಿ ಕೇಳಿ ಕೇಳಿ ಕೈಯಾರೆ ತೆಗೀಬೇಕು.

"ಎರಡನೇದು ಕಲೀರಿ."

"ನಾನು ಏಳನೇ ಕ್ಲಾಸು ಕಣಮ್ಮಾ. ಅದ್ರ ತುಂಬ ಇಂಗ್ಲಿಷು."

ಬಟನ್ನಿನದನ್ನೇ ಇಟ್ಟುಕೊಂಡಳು.

ಮೊದಲು ಬಂದದ್ದು ಆವತಿ ಊರಿನವರ ಪೌರಾಣಿಕ ನಾಟಕ. ಕೆಂಪರಾಜ್ ಕೊನೇ ಸಲ ರೆಕಾರ್ಡ್ ಮಾಡಿದ್ದು ಅದೇ. ಬಟನ್ ಒತ್ತೋ ಮುಂಚೆ ಗದ್ದಲ ಯಾವುದು ಅಂತ ಸಾಫ್ಟ್‌ವೇರಿಗೆ ತೋರಿಸಬೇಕು, ಅದಕ್ಕೆ ರೆಕಾರ್ಡಿಂಗಿನಲ್ಲಿ ಯಾರೂ ಮಾತಾಡದ ಜಾಗ ಆಗಬೇಕು. ಇವಳು ನಾಟಕಕ್ಕೆ ಮುಂಚಿನ ಜಾಗ ತೋರಿಸಿದಳು. ಅಲ್ಲಿ ಹಾರ್ಮೋನಿಯಂ ಮೇಷ್ಟ್ರು ವೆಂಕಟರಾಮಪ್ಪ ಶ್ರುತಿ ಹಿಡಿದಿದ್ದರು. ಅದನ್ನೇ ಗದ್ದಲ ಅಂದುಕೊಂಡು ಸಾಫ್ಟ್‌ವೇರ್ ಇಡೀ ನಾಟಕದ ಹಾರ್ಮೋನಿಯಂ ತಿಂದುಹಾಕಿತು. ಇವಳು ಮಾತು ಮಾತ್ರ ಕೇಳಿ ನೋಡಿ ಕೊಟ್ಟುಬಿಟ್ಟಳು.

ನಾಟಕ ಆಡಿಸಿದ ಆಂಜಿನಪ್ಪ ಶಾಮಲಾನೂ ಸೇರಿ ಎಲ್ಲರನ್ನೂ ತನ್ನ ಮನೆಯಲ್ಲಿ ಕೂರಿಸಿ ಟಿವಿಗೆ ಹಾಕಿದ. ಹಾಡು ಬಂತು.

"ಏನಿದು ಗುರು, ಬಾವಿಗೆ ಬಿದ್ದು ಹಾಡ್ದಂಗೈತೆ!" ಅಂದ ಒಬ್ಬ.

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಎಪ್ಪತ್ತಾರು ವರ್ಷ ಅವರಿಗೆ. "ನನ್ನ ಹಾರ್ಮೋನಿಯಂ ಎಲ್ಲಮ್ಮಾ?"

"ನಮ್ಮನೆಯವ್ರು ಅವತ್ತು ಮೈಕು ಸರಿಯಾಗಿ ಇಟ್ಟಿರ್ಲಿಲ್ಲ ಮೇಷ್ಟ್ರೇ."

ಬಾಯಿಂದ ಬಂದುಬಿಟ್ಟಿತು. ಸತ್ತವನ ಮೇಲೆ ಯಾರು ಏನಂತಾರೆ?

ಮನೆಗೆ ಬಂದು ಮೂಲ ರೆಕಾರ್ಡಿಂಗ್ ಹಾಕಿದಳು. ಹಾರ್ಮೋನಿಯಂ ಪಕ್ಕದಲ್ಲೇ ನುಡಿಸಿದ ಹಾಗಿತ್ತು. ಮೊದಲಲ್ಲೇ ಗಂಡನ ದನಿ: "ಇನ್ನೊಂಚೂರು ಈ ಕಡೆ ತಿರುಗಿ ಮೇಷ್ಟ್ರೇ. ನಿಮ್ದು ಚೆನ್ನಾಗಿ ಬರ್ಬೇಕು." ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಶಾಮಲಾ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಎರಡನೇ ಸಾಫ್ಟ್‌ವೇರ್ ತೆಗೆದಳು. ಫಿರ್ದೌಸ್‌ಗೆ ಫೋನ್ ಮಾಡಿ ಮಾಡಿ ಕೇಳಿ, ಒಂಬತ್ತು ದಿನ ಕೂತು ಮುಗಿಸಿದಳು. ಮತ್ತೆ ಆವತಿಗೆ ಹೋದಳು. ಈ ಸಲ ಹಾರ್ಮೋನಿಯಂ ಮನೆ ತುಂಬಿತು.

"ನೋಡ್ರಪ್ಪಾ," ಅಂದ ಆಂಜಿನಪ್ಪ, "ಗಂಡ ಕೆಡಿಸಿದ್ದನ್ನ ಶಾಮಲಕ್ಕ ಸರಿಮಾಡವ್ರೆ!"

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗೀತಿತ್ತು.

"ಅವ್ರು ಕೆಡಿಸಿರ್ಲಿಲ್ಲ. ಮೈಕು ಸರಿಯಾಗೇ ಇಟ್ಟಿದ್ರು. ಕಲಿಯೋಕೆ ಸೋಮಾರಿತನ ಮಾಡಿ ನಾನೇ ಅಳಿಸಿದ್ದು. ಸುಳ್ಳು ಹೇಳಿದ್ದೂ ನಾನೇ."

ಆಂಜಿನಪ್ಪ ಟಿವಿ ಆಫ್ ಮಾಡಿದ. ಮೇಷ್ಟ್ರು ಶಾಮಲಾ ಕಡೆ ತಿರುಗಿದರು.

"ಅವತ್ತೇ ಹೇಳ್ಬಾರ್ದಿತ್ತೇನಮ್ಮಾ? ಇಷ್ಟು ದಿನ ಅವನನ್ನ ಮನಸಲ್ಲೇ ಬೈಕೊಂಡಿದ್ದೆ."