ಗೌಡಶಾನಿ ನುಂಗಿದ ರೊಟ್ಟಿ

ಅಂದು ಬೆಳಿಗ್ಗೆಯೂ ಎಂದಿನಂತೆ ಐದು ಗಂಟೆಗೆ ಎದ್ದೆ. ಅಂಗಳಕ್ಕೆ ನೀರು ಚಿಮುಕಿಸಿ, ನಾಲ್ಕು ಗೆರೆ ರಂಗೋಲಿ ಎಳೆದು ಒಳಗೆ ಬಂದೆ. ಯಜಮಾನರು ಗೊಳಸಂಗಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು, ಏಳೂವರೆಯ ಬಸ್ಸು ಹಿಡಿಯುವವರು. ಅವರ ಡಬ್ಬಿಗೆ ಚಪಾತಿ, ಹೆಸರುಕಾಳಿನ ಪಲ್ಯ. ಮಗಳ ಡಬ್ಬಿಗೆ ಚಪಾತಿಯ ಮೇಲೆ ಸಕ್ಕರೆ ತುಪ್ಪ ಸವರಿ ಸುರುಳಿ ಸುತ್ತಿದೆ. ಅವಳ ಕರವಸ್ತ್ರಕ್ಕೆ ಇಸ್ತ್ರಿ ತಿಕ್ಕಿ ನಾಲ್ಕು ಮಡಿಕೆ ಮಾಡಿದೆ. ವಿಜಾಪುರದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಮಡಿಕೆ ಅದು, ಇಂದಿಗೂ ಕೈ ಬಿಟ್ಟಿಲ್ಲ. ಇಬ್ಬರೂ ಹೊರಟ ಮೇಲೆ ಬಾಗಿಲು ಮುಂದೆ ಮಾಡಿ, ಕಡಪಾ ಕಲ್ಲಿನ ಕಟ್ಟೆಯ ಮೇಲೆ ಹಿಂದಿನ ಸಂಜೆಯಿಂದ ಕೂತಿದ್ದ ಜೋಳದ ಹಿಟ್ಟಿನ ಗಂಟನ್ನು ಎತ್ತಿಕೊಂಡೆ.

ಆ ಗಂಟು ಓಣಿಯ ಗೌಡರ ಹೆಂಡತಿ ಗೌಡಶಾನಿಯ ಮನೆಯಿಂದ ಬಂದದ್ದು. ಆ ದಿನ ಅವಳ ಕಿರಿಯ ಮಗಳ ನಿಶ್ಚಯ. ನಮ್ಮ ಬಸವನ ಬಾಗೇವಾಡಿಯ ಓಣಿಗಳಲ್ಲಿ ದೊಡ್ಡ ಊಟವಿದ್ದ ಮನೆಯವರು ತಾವೊಬ್ಬರೇ ರೊಟ್ಟಿ ಬಡಿಯುವುದಿಲ್ಲ. ಹಿಟ್ಟನ್ನು ಗಂಟು ಕಟ್ಟಿ ಮನೆಮನೆಗೆ ಹಂಚುತ್ತಾರೆ. ಪ್ರತಿ ಮನೆಯ ಹೆಂಗಸು ಬಡಿದು, ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಮರಳಿಸುತ್ತಾಳೆ. ಹಿಟ್ಟು ಬಂದ ಮನೆ ಓಣಿಯದು. ಬಾರದ ಮನೆ ಓಣಿಯಲ್ಲಿದ್ದೂ ಇಲ್ಲ. ಬಾಯಿಬಿಟ್ಟು ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ನನ್ನ ತವರುಮನೆ ಅದೇ ಓಣಿಯಲ್ಲಿ, ನಮ್ಮ ಬಾಡಿಗೆ ಮನೆಯಿಂದ ಐದನೆಯದು. ಅಲ್ಲಿಗೆ ನಾಲ್ಕು ವರ್ಷದಿಂದ ಯಾರ ಮನೆಯ ಹಿಟ್ಟೂ ಬಂದಿರಲಿಲ್ಲ.

ಕಾರಣ ನನ್ನ ಅಣ್ಣ. ನೀರೆತ್ತುವ ಪಂಪುಗಳನ್ನು ಜೋಡಿಸುವ ಕೆಲಸ ಅವನದು. ಮುಳವಾಡ, ಆಮೇಲೆ ಸೊಲ್ಲಾಪುರ, ಇನ್ನೂ ಎಲ್ಲೆಲ್ಲಿಯೋ ತಿರುಗಿ, ಒಂದು ದೀಪಾವಳಿಗೆ ಅಂಗಿಯೊಳಗೆ ಅಂಗಿಯಷ್ಟೇ ಉಳಿದವನಂತೆ ಬಂದ. ವಿಜಾಪುರದ ಡಾಕ್ಟರು ಏಡ್ಸ್ ಎಂದರು. ಆಗಿನ್ನೂ ಅದರ ಔಷಧ ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ. ಮುಟ್ಟಿದರೆ ಬರುವುದಿಲ್ಲ, ಕೂಡಿ ಉಂಡರೆ ಬರುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಅವ್ವ ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು, ಬಸ್ಸಿನಲ್ಲಿ ನನ್ನಿಂದ ಮೂರನೆಯ ಸಲ ಹೇಳಿಸಿಕೊಂಡಳು.

ಹನ್ನೊಂದು ತಿಂಗಳು ಅವನನ್ನು ನೋಡಿಕೊಂಡವರು ಆ ಇಬ್ಬರು ಮುದುಕರು. ಕ್ಷೌರಿಕ ಬರುವುದನ್ನು ಬಿಟ್ಟಾಗ ಅಪ್ಪ, ತನ್ನ ಗಡ್ಡಕ್ಕೇ ಕೈ ನಡುಗುವವನು, ಮೂವತ್ತನಾಲ್ಕು ವರ್ಷದ ಮಗನ ಗಡ್ಡ ಹೆರೆದ. ಅವ್ವ ಅವನನ್ನು ಗೋಡೆಗೆ ಆನಿಸಿ ಗಂಜಿ ಕುಡಿಸಿದಳು, ಹಾಸಿಗೆ ಒಗೆದಳು, ಬೆನ್ನ ಹುಣ್ಣಿಗೆ ಎಣ್ಣೆ ಹಚ್ಚಿದಳು. ತಮ್ಮನ್ನು ಹೊರಬೇಕಾದವನನ್ನು ಅವರೇ ಎತ್ತಿ ಮಲಗಿಸಿದರು.

ಅವನು ತೀರಿಕೊಂಡು ತಿಂಗಳಾಗಿರಲಿಲ್ಲ. ಗೌಡಶಾನಿ ಬಂದಳು, ಒಳಗೆ ಬರಲಿಲ್ಲ. ಕಟ್ಟೆಯ ಕೆಳಗೇ ನಿಂತು, ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಬಲು ಅಂತಃಕರಣದಿಂದ ಹೇಳಿದಳು: "ಅಕ್ಕಾ, ನಿನಗ ಇನ್ನ ವಯಸ್ಸಾತು. ರೊಟ್ಟಿ ಗಿಟ್ಟಿ ಬಡದು ಯಾಕ ಮೈ ದಣಿಸ್ಕೊಂತಿ? ಆರಾಮ ಕುಂದ್ರು."

ಇಷ್ಟೇ. ಅವಳ ಹಿರಿಯ ಹೆಣ್ಣುಮಕ್ಕಳ ಮದುವೆಯಲ್ಲಿ ಮೊದಲ ರೊಟ್ಟಿ ಬಡಿದವಳು ನನ್ನವ್ವ. ಮುದ್ದೇಬಿಹಾಳದಿಂದ ಸೊಸೆಯಾಗಿ ಬಂದ ವರ್ಷವೇ ಅವ್ವನ ರೊಟ್ಟಿ ಓಣಿಗೆಲ್ಲ ಹೆಸರಾಗಿತ್ತಂತೆ. ಗೌಡಶಾನಿ ಬಿಟ್ಟಳು, ಓಣಿಯೇ ಬಿಟ್ಟಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರ್ಯಾದೆ ಕೊಟ್ಟು ಹೊರಗಿಟ್ಟವರಿಗೆ ಏನೆನ್ನುವುದು? ಯಾರ ಮನೆಯಲ್ಲಾದರೂ ಕಾರ್ಯವಿದೆಯೆಂದರೆ ಹಿಂದಿನ ಸಂಜೆ ಅವ್ವ ಕಸಬರಿಗೆ ಹಿಡಿದು ಹೊರಗೆ ಬರುತ್ತಿದ್ದಳು. ಗುಡಿಸಿದ ಕಟ್ಟೆಯನ್ನೇ ಗುಡಿಸುತ್ತಿದ್ದಳು. ಹಿಟ್ಟಿನ ಗಂಟು ಅವಳ ಮುಂದೆ ಹಾದು ಮುಂದಿನ ಮನೆಗೆ ಹೋದ ಮೇಲೆ ಕಸಬರಿಗೆ ಮೂಲೆಗಿಟ್ಟು ಒಳಗೆ ಹೋಗಿ ಮಲಗುತ್ತಿದ್ದಳು.

ನಾನು ಅದನ್ನು ನನ್ನ ಬಾಗಿಲಿನಿಂದ ನೋಡುತ್ತಿದ್ದೆ. ಮೆತ್ತಗೆ ಮಾತಾಡುವವರಿಗೆ ಸಿಟ್ಟಿಲ್ಲವೆಂದು ಜನ ತಿಳಿದಿರುತ್ತಾರೆ. ನನ್ನ ಸಿಟ್ಟು ಇಂಡಿ ತಾಲೂಕಿನ ಲಿಂಬೆಕಾಯಿಯ ಉಪ್ಪಿನಕಾಯಿಯಂತೆ ಭರಣಿಯಲ್ಲಿ ಬಾಯಿ ಕಟ್ಟಿಸಿಕೊಂಡು ಕೂತಿತ್ತು, ದಿನ ಕಳೆದಷ್ಟೂ ಹದವಾಗುತ್ತ.

ಗಂಟು ಕೊಡುವಾಗ ಗೌಡಶಾನಿ ನಕ್ಕಿದ್ದಳು. ನನ್ನ ರೊಟ್ಟಿಗೆ ಓಣಿಯಲ್ಲಿ ಕಾನ್ವೆಂಟ್ ರೊಟ್ಟಿ ಎಂದೇ ಹೆಸರು, ನಡುವೆ ಹರಿದು ಅಂಚಿಗೆ ದಪ್ಪ. "ಹೆಂಗರೆ ಬಡಿಯವ್ವ, ಬೀಗರಿಗಿ ಹಾಕೂದಿಲ್ಲ, ಮನಿ ಮಂದಿಗಿ ನಡೀತೈತಿ" ಎಂದಳು. ನಾನೂ ನಕ್ಕೆ. ಆಗಲೇ ನಿಶ್ಚಯಿಸಿದ್ದೆ. ಅವಳು ಅವ್ವನ ಕೈಯ ರೊಟ್ಟಿ ತಿನ್ನಬೇಕು, ತಿನ್ನುವಾಗ ಅದು ಯಾರ ಕೈಯದೆಂದು ಅವಳಿಗೆ ಗೊತ್ತಾಗಬೇಕು, ನಾನು ಎದುರಿಗಿರಬೇಕು.

ತವರಿಗೆ ಹೋಗಿ ಗಂಟನ್ನು ಅವ್ವನ ಮುಂದಿಟ್ಟು ಸುಳ್ಳು ಹೇಳಿದೆ: ನಿನಗೇ ಕಳಿಸಿದ್ದಾಳೆ, ನಿನ್ನೆ ನನ್ನ ಕೈಗೆ ಕೊಟ್ಟಳು.

ಅವ್ವ ಗಂಟನ್ನು ಮುಟ್ಟಲಿಲ್ಲ. "ಆಕೀನ ಕೊಟ್ಟಳ?"

"ಆಕೀನ."

ಅವ್ವ ಎದ್ದು ಮತ್ತೊಮ್ಮೆ ಸ್ನಾನ ಮಾಡಿದಳು. ಒಗೆದ ಇಳಕಲ್ ಸೀರೆ ಉಟ್ಟಳು. ಗ್ಯಾಸ್ ಬೇಡವೆಂದು ಹಿತ್ತಿಲ ಒಲೆಗೆ ಅಪ್ಪನಿಂದ ತೊಗರಿಕಟ್ಟಿಗೆ ತರಿಸಿದಳು. ಕುದಿಯುವ ನೀರು ಹೊಯ್ದು ಹಿಟ್ಟು ನಾದುವಾಗ ಅವಳ ಮೊಣಕೈಯ ಜೋತ ಚರ್ಮ ಅಲುಗುತ್ತಿತ್ತು. ಕೈ ಮಾತ್ರ ಹಳೆಯ ಲಯ ಮರೆತಿರಲಿಲ್ಲ. ಅಪ್ಪ ಪಕ್ಕದಲ್ಲಿ ಕೂತು ಬೆಂದ ರೊಟ್ಟಿಗಳನ್ನು ಬಟ್ಟೆಯಲ್ಲಿ ಒಟ್ಟುತ್ತ, "ಮಂದಿ ಮರತ್ರಂತ ಕಾಣ್ತೈತಿ" ಎಂದ. ನಾನಂತೂ ಮರೆತಿರಲಿಲ್ಲ.

ಹೊರಡುವಾಗ ಅವ್ವ ಸೆರಗು ಸರಿಮಾಡಿಕೊಳ್ಳುತ್ತ ಕೇಳಿದಳು: "ನಾನೂ ಬರಲೇನ? ಹುಡುಗಿಗಿ ಉಡಿ ತುಂಬಿ ಬರತೇನಿ."

ಅವಳು ಬಂದರೆ ನನ್ನ ಸುಳ್ಳು ಬಾಗಿಲಲ್ಲೇ ಬಯಲಾಗುತ್ತಿತ್ತು. "ಬ್ಯಾಡವ್ವ, ಬಿಸಲ ಭಾಳ ಐತಿ. ಈ ವಯಸ್ಸಿನಾಗ ಯಾಕ ದಣಿತಿ" ಎಂದೆ. ಹೇಳಿದ ಮೇಲೆ ಕೇಳಿಸಿತು, ಅದು ಯಾರ ಮಾತೆಂದು. ಆದರೂ ಹಿಂದಕ್ಕೆ ಪಡೆಯಲಿಲ್ಲ. ರೊಟ್ಟಿ ಆರುತ್ತಿದ್ದವು.

ಗೌಡಶಾನಿಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ನನ್ನ ಗಂಟನ್ನು ಅವಳೇ ಬಿಚ್ಚಿದಳು. ಮೇಲಿನ ರೊಟ್ಟಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇಡೀ ಒಟ್ಟಿಲನ್ನು ಬೀಗರ ಬುಟ್ಟಿಗೆ ಹಾಕಿದಳು. ಮೋಸ ಹೋದಳು ಎಂದುಕೊಂಡೆ.

ಬೀಗರು ಸಿಂದಗಿಯವರು. ಹೆಂಗಸರ ಪಂಕ್ತಿಯಲ್ಲಿ ಹುಡುಗನ ತಾಯಿ ಒತ್ತಾಯ ಮಾಡಿ ಗೌಡಶಾನಿಯನ್ನು ತನ್ನ ಪಕ್ಕದಲ್ಲೇ ಕೂಡಿಸಿಕೊಂಡಳು. ರೊಟ್ಟಿ ಬಡಿಸುವ ಕೆಲಸ ನಾನೇ ಕೇಳಿ ತೆಗೆದುಕೊಂಡಿದ್ದೆ. ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಹುಡುಗನ ತಾಯಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇಂಥ ರೊಟ್ಟಿ ಬಡಿಯುವವರು ತಮ್ಮ ಕಡೆ ಉಳಿದೇ ಇಲ್ಲ, ಯಾರ ಕೈ ಇದು ಎಂದು ಕೇಳಿದಳು.

ಗೌಡಶಾನಿ ಬಾಯ ತುಂಬ ತುತ್ತಿಟ್ಟುಕೊಂಡಿದ್ದಳು. ನಾನು ತುಪ್ಪ ಹಾಕುವ ನೆವದಲ್ಲಿ ಬಾಗಿದೆ. ಸಿಟ್ಟು ಬಂದಾಗ ದನಿ ಇಳಿಸಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರಲ್ಲ, ಇಳಿಸಿ ಅವಳ ಕಿವಿಯಲ್ಲಿ ಹೇಳಿದೆ: "ಅವ್ವ ಬಡದಾಳ್ರಿ. ಅಣ್ಣಗ ಗಂಜಿ ಕುಡಿಸಿದ್ಲಲ್ಲ, ಅದ ಕೈಲೆ."

ಅವಳ ದವಡೆ ನಿಂತಿತು. ಎಡಗೆನ್ನೆಯಲ್ಲಿ ತುತ್ತು ಉಬ್ಬಿತ್ತು, ತುಟಿಯ ಮೂಲೆಯಲ್ಲಿ ತುಪ್ಪ ಮಿನುಗುತ್ತಿತ್ತು. ಉಗುಳಿದರೆ ಯಾಕೆಂದು ಬೀಗತಿ ಕೇಳುತ್ತಾಳೆ. ಹೇಳಿದರೆ, ಏಡ್ಸ್ ಆದವನ ಮನೆಯ ರೊಟ್ಟಿ ತಿನ್ನಿಸಿದಿರಾ ಎಂದು ಸಿಂದಗಿಯವರು ಎದ್ದು ಹೋಗುತ್ತಾರೆ, ಮಗಳ ನಿಶ್ಚಯ ಮುರಿಯುತ್ತದೆ. ನಾನು ನೆಟ್ಟಗಾಗಿ, ಎಲ್ಲರಿಗೂ ಕೇಳುವಂತೆ ನಗುತ್ತ, "ಇನ್ನೊಂದು ಹಾಕಲೇನ್ರಿ? ನಿಮಗೂ ವಯಸ್ಸಾತು, ಮೈ ದಣದಿರತೈತಿ, ಉಣ್ರಿ" ಎಂದೆ.

ಬೀಗತಿ, ಹಾಕಿ ಹಾಕಿ, ಮುಂಜಾನೆಯಿಂದ ಪಾಪ ಕೂತೇ ಇಲ್ಲ ಎಂದಳು. ಗೌಡಶಾನಿ ನುಂಗಿದಳು. ಕೊರಳ ಬೋರಮಾಳ ಸರ ಒಮ್ಮೆ ಮೇಲೆದ್ದು ಕೆಳಗಿಳಿಯಿತು. ಆಮೇಲೆ ತಟ್ಟೆ ಮುಂದೆ ಹಿಡಿದಳು. ಎರಡನೆಯ ರೊಟ್ಟಿಯನ್ನೂ ಚೂರು ಉಳಿಸದೆ ತಿಂದು, ಬೀಗತಿಯ ಕಡೆ ತಿರುಗಿ, "ಹಳೇ ಕೈರಿ ಅದು" ಎಂದಷ್ಟೇ ಹೇಳಿದಳು. ಅವಳು ನುಂಗಿದ ಒಂದೊಂದು ತುತ್ತನ್ನೂ ನಾನು ನಿಂತು ನೋಡಿದೆ. ಇಷ್ಟು ವರ್ಷವಾದರೂ ಆ ಗಂಟಲು ನೆನಪಾದರೆ ನನಗೆ ನಾಚಿಕೆಯಾಗುವುದಿಲ್ಲ.

ಇಳಿಹೊತ್ತಿಗೆ ತವರಿಗೆ ಹೋದೆ. ಅವ್ವ ಇನ್ನೂ ಇಳಕಲ್ ಸೀರೆಯಲ್ಲೇ ಇದ್ದಳು. "ಆಕಿ ಉಂಡಳ?" ಎಂದು ಕೇಳಿದಳು. ಎರಡು ಉಂಡಳೆಂದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮುಂದಿನ ತಿಂಗಳ ಮದುವೆಗೆ ಹಿಟ್ಟು ಹೆಚ್ಚು ಬರುತ್ತದೆ, ಈ ಹಂಚು ಸಾಲದು, ಸಂತೆಯಿಂದ ದೊಡ್ಡದನ್ನು ತಾ ಎಂದು ಅಪ್ಪನಿಗೆ ಹೇಳಿದಳು. ಕಟ್ಟೆಯ ಮೇಲೆ ಒರಗಿ ಕೂತು ಹಾದುಹೋಗುವವರನ್ನು ಮುಖವೆತ್ತಿ ನೋಡಿದಳು. ನನ್ನ ಸೇಡು ಗೌಡಶಾನಿಯ ಹೊಟ್ಟೆ ಸೇರಿತ್ತು, ನನ್ನ ಸುಳ್ಳು ಅವ್ವನ ಕಣ್ಣಲ್ಲಿ ಉಳಿದಿತ್ತು. ಮದುವೆಗೆ ಹಿಟ್ಟು ಈ ಬಾಗಿಲಿಗೆ ಬರದಿದ್ದರೆ ಏನು ಹೇಳುವುದೆಂದು ಯೋಚಿಸುತ್ತ ಮನೆಗೆ ಬಂದೆ. ಬಂದೇ ಬರುತ್ತದೆ, ಆ ಗಂಟಲಿಗೆ ಈಗ ನನ್ನ ಹೆದರಿಕೆ ಇದೆ ಎಂದು ನನಗೆ ನಾನೇ ಹೇಳಿಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಹೊಲಿಗೆಯವಳು ಮಗಳ ಲಂಗ ಕೊಡಲು ಬಂದಳು. ಅವಳೂ ಆ ಪಂಕ್ತಿಯಲ್ಲಿ ಉಂಡವಳೇ. ಲಂಗದಲ್ಲಿ ಉಳಿದ ದಾರದೆಳೆಗಳನ್ನು ಹಲ್ಲಿನಿಂದ ಕಡಿಯುತ್ತ, ಅವ್ವನ ರೊಟ್ಟಿ ಭಾಳ ಚಲೋ ಆಗಿದ್ದವು ಎಂದಳು. ನಾನು ಬೆಚ್ಚಿ ನಿನಗೆ ಹೇಗೆ ಗೊತ್ತೆಂದು ಕೇಳಿದೆ.

"ಗಂಟ ಬಿಚ್ಚಿದ ಕೂಡ್ಲೆ ಎಲ್ಲಾರಿಗೂ ಗೊತ್ತಾತಲ್ರಿ. ಆ ಕೈ ಯಾರಿಗಿ ಗೊತ್ತಿಲ್ಲ? ರೊಟ್ಟಿಲೆ ಆ ಬ್ಯಾನಿ ಬರೂದಿಲ್ಲಂತ ನಮಗೂ ತಿಳೀತೈತಿ ಬಿಡ್ರಿ. ಗೌಡಶಾನಿ ಆಗಳೇ ಅಂದ್ಲು, ಮದುವಿಗೂ ಹಿಟ್ಟ ನಿಮ್ಮ ಮನೀಗೇ ಜಾಸ್ತಿ ಕಳಸ್ತಾಳಂತ. ನೀವು ಹೆಂಗೂ ಅವ್ವನ ಕಡಿಂದ ಬಡಸ್ತೀರಿ, ಅವ್ವನ ಬಾಗಲಕ ಯಾರೂ ಹೋಗೂ ಪ್ರಸಂಗ ಬರೂದಿಲ್ಲ. ಎಲ್ಲಾರಿಗೂ ಚಲೋನ ಆತ್ ನೋಡ್ರಿ."