ಕೆಂದನ ಬಲಗೊಂಬಿನ ಹಿತ್ತಾಳೆ

ಎಸ್ತೇರವ್ವಾ, ನಿನ್ನ ಅಣ್ಣ ಪ್ರಭುದಾಸನನ್ನು ಎತ್ತು ಹಾಯ್ದು ಕೊಂದಿಲ್ಲ. ನಾನು ಕೊಂದೆ.

ಇಷ್ಟು ಬರೆದು, ಎದ್ದು ಹೋಗಿ ದನಗಳಿಗೆ ಕಣಿಕೆ ಹಾಕಿ ಬಂದೆ. ಬಂದು ನೋಡಿದರೆ ಆ ಸಾಲು ಹಾಗೆಯೇ ಇತ್ತು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು ನಾನು, ಬರೆದದ್ದನ್ನು ತಿದ್ದಿ ಚಂದ ಮಾಡುವುದು ಬರುವುದಿಲ್ಲ. ಇದು ತಿದ್ದುವ ಮಾತೂ ಅಲ್ಲ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಾಳೆ ಇದನ್ನು ಬೇರೆಯವರೂ ಓದಬೇಕು. ಪ್ರಭು ನನ್ನ ಓರಗೆಯವನು. ಕೊಳಕೂರಿನ ಆಚೆಗಿನ ನಮ್ಮ ಊರಿನಲ್ಲಿ ಇಬ್ಬರೂ ಕೂಡಿ ದನ ಕಾಯ್ದವರು. ಅವನು ಮಿಲಿಟರಿಗೆ ಸೇರಿದ. ನಾನು ಗೌಡರ ಮನೆಯಲ್ಲಿ ವರ್ಷದ ಆಳಾದೆ. ಬಾಂಗ್ಲಾ ಯುದ್ಧಕ್ಕೆ ಹೋದವನು ಮೈಮೇಲೆ ಒಂದು ಗೀರೂ ಇಲ್ಲದೆ ಬಂದ. ಅದಾದ ಕೆಲವು ವರ್ಷಕ್ಕೆ ರಜೆಯ ಮೇಲೆ ಊರಿಗೆ ಬಂದಾಗ, ಕಾರಹುಣ್ಣಿಮೆಯ ಸಂಜೆ, ನಮ್ಮೂರ ಅಗಸಿ ಬಾಗಿಲ ಮುಂದೆ ಸತ್ತ. ಊರ ಚರ್ಚಿನ ಹಿಂದಿನ ಜಾಗದಲ್ಲಿ ಮಲಗಿದ್ದಾನೆ. ಅಲ್ಲಿರುವ ಒಬ್ಬನೇ ಸೈನಿಕ. ಆಗ ನೀನು ಇನ್ನೂ ಲಂಗ ಹಾಕಿಕೊಂಡು ಓಡಾಡುವ ಹುಡುಗಿ. ಅವನ ಮುಖವೂ ಸರಿಯಾಗಿ ನೆನಪಿಲ್ಲ ಎಂದು ನೀನೇ ಹೇಳಿದೆ.

ಅದಕ್ಕೇ ಅಲ್ಲವೇ, ಇಷ್ಟು ವರ್ಷದ ಮೇಲೆ, ಆಳಂದದಲ್ಲಿ ನರ್ಸಾಗಿರುವ ನೀನು ರಜೆ ಹಾಕಿ ಅವನನ್ನು ಹುಡುಕಲು ಹೊರಟದ್ದು. ಗೋರಿಯ ಮೇಲೆ ಕಲ್ಲು ನಿಲ್ಲಿಸಬೇಕು, ಅದಕ್ಕಿಂತ ಮೊದಲು ಅವನು ಎಂಥವನು ಎಂಬುದು ತಿಳಿಯಬೇಕು ಎಂದೆ. ನರೋಣಾದಲ್ಲಿ ಅವನ ಜೊತೆ ಪಲ್ಟನಿನಲ್ಲಿದ್ದವನೊಬ್ಬನನ್ನು ಪತ್ತೆಮಾಡಿದೆ. ಹೇಸರಗತ್ತೆಗಳ ಮೇಲೆ ಸಾಮಾನು ಹೇರುವ ಕೆಲಸವಂತೆ ಅಲ್ಲಿ ಪ್ರಭುವಿನದು. ಆ ಹೇಸರಗತ್ತೆಗಳಿಗೆ ನಿಮ್ಮಪ್ಪನ ಎತ್ತುಗಳ ಹೆಸರಿಟ್ಟು ಕರೆಯುತ್ತಿದ್ದನಂತೆ. ಇದನ್ನು ಹೇಳುವಾಗ ನೀನು ನಕ್ಕೆ. ನಾನೂ ನಕ್ಕೆ. ಆಮೇಲೆ ನೀನು ನನ್ನ ಕಟ್ಟೆಯ ಮೇಲೆ ಕುಳಿತು ಕೇಳಿದೆ— ಅವನನ್ನು ಕಡೆಯ ಗಳಿಗೆಯಲ್ಲಿ ಹತ್ತಿರದಿಂದ ಕಂಡವನು ನೀನೊಬ್ಬನೇ ಅಂತಾರ, ಹೇಳು ಅಣ್ಣಾ ಎಂದು.

ಹಳ್ಳದಲ್ಲಿ ಈಜಿದ್ದು, ಕದ್ದು ಸುಟ್ಟು ತಿಂದ ಎಳೆ ಜೋಳದ ಸೀತನಿ, ಅವನು ಪದ ಹೇಳುತ್ತಿದ್ದದ್ದು, ಎಲ್ಲ ಹೇಳಿದೆ. ಅದೆಲ್ಲ ಖರೆ. ಸಾವಿನ ಹತ್ತಿರ ಬಂದಾಗ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದದ್ದನ್ನೇ ಮತ್ತೆ ಹೇಳಿದೆ.

ಈಗ ನಡೆದದ್ದನ್ನು ಹೇಳುತ್ತೇನೆ.

ಕಾರಹುಣ್ಣಿಮೆಯ ಸಂಜೆ ಅಗಸಿಗೆ ಅಡ್ಡ ಬೇವಿನ ಸೊಪ್ಪಿನ ಹಗ್ಗ ಕಟ್ಟಿ ಎತ್ತು ಓಡಿಸುತ್ತಾರೆ. ಬಿಳಿ ಎತ್ತು ಮೊದಲು ಹರಿದರೆ ಆ ವರ್ಷ ಜೋಳ ಚಲೋ, ಕೆಂಪೆತ್ತು ಹರಿದರೆ ತೊಗರಿ. ಕರಿ ಹರಿಯುವುದು ಎಂದರೆ ಇದು. ಆದರೆ ನಮ್ಮೂರಲ್ಲಿ ಪ್ರತಿ ವರ್ಷ ಹರಿಯುತ್ತಿದ್ದದ್ದು ಗೌಡರ ಬಿಳಿಯ. ಬೇರೆಯವರ ಎತ್ತು ಅದರ ಬೆನ್ನ ಹಿಂದೆ. ನಿಮ್ಮ ಓಣಿಯವರ ಎತ್ತಂತೂ ಅಗಸಿಯ ಹತ್ತಿರ ಸುಳಿಯುವ ಹಾಗಿರಲಿಲ್ಲ, ದೂರ ನಿಂತು ನೋಡಬೇಕು. ಬಿಳಿಯನನ್ನು ಸಾಕಿ ಓಡಿಸುವವನು ನಾನು. ಅದರ ಮೈ ತಿಕ್ಕಿ ತಿಕ್ಕಿ ನನ್ನ ಅಂಗೈ ಸವೆದಿತ್ತು. ಅದು ಗೆದ್ದರೆ ಊರು ನನ್ನನ್ನು ನೋಡುತ್ತಿತ್ತು. ವರ್ಷದಲ್ಲಿ ಆ ಒಂದು ಸಂಜೆ ನಾನು ಆಳಲ್ಲ—ಹಾಗೆಂದುಕೊಂಡಿದ್ದೆ.

ಆ ಸಂಜೆ ಪ್ರಭು ನಿಮ್ಮ ಕೆಂಪೆತ್ತು ಕೆಂದನನ್ನು ಹಿಡಿದುಕೊಂಡು ನೇರ ಅಗಸಿಗೆ ಬಂದ. ಮಿಲಿಟರಿ ಪ್ಯಾಂಟು, ತಲೆಗೆ ಸುತ್ತಿದ ಟವೆಲ್ಲು. ಕೆಂದನ ಕೋಡಿಗೆ ಬಣ್ಣ, ತುದಿಗೆ ಹೊಸ ಕೋಡಣಸು—ಹಿತ್ತಾಳೆಯ ಟೊಪ್ಪಿಗೆ, ಮೇಲೆ ಗುಂಡು. ನಾನು ಬಿಳಿಯನ ಕಬ್ಬಿಣದ ಗೂಟ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದೆ. ಹಿಂದಕ್ಕೆ ಹೋಗು, ಗೌಡರು ನೋಡುತ್ತಿದ್ದಾರೆ ಎಂದೆ. ಗೆಳೆಯನೆಂದು ಹೇಳಿದೆನೋ, ಗೌಡರ ಆಳೆಂದು ಹೇಳಿದೆನೋ, ಇವತ್ತಿಗೂ ನನಗೇ ತಿಳಿಯದು.

ಅವನು ನಕ್ಕ. “ಲೇ ಮಲ್ಯಾ, ಬಿಳಿಯನ ಗೂಟ ನೀ ಕಿತ್ತಿ. ನಿನ್ನ ಗೂಟ ಯಾರು ಕೀಳವ್ರೋ?”

ಸುತ್ತಲಿನವರೂ ನಕ್ಕರು. ನನ್ನ ಕಡೆಯವರೇ.

ಎತ್ತುಗಳನ್ನು ಬಿಟ್ಟರು. ಕೆಂದ ಬಿಳಿಯನ ಭುಜಕ್ಕೆ ಭುಜ ಹಚ್ಚಿ ಓಡಿತು, ದಾಟಿತು, ಬೇವಿನ ಹಗ್ಗ ಅದರ ಎದೆಗೆ ಪಟ್ಟನೆ ಹರಿಯಿತು. ಒಂದು ಉಸಿರಿನಷ್ಟು ಹೊತ್ತು ಬಾರಿಸುತ್ತಿದ್ದ ಹಲಗೆಗಳು ನಿಂತುಹೋದವು. ಆಮೇಲೆ ಮೊದಲ ಕಲ್ಲು ಬಿತ್ತು. ಬಡಿಗೆಗಳು ಬಂದವು. ಪ್ರಭು ಒಬ್ಬನ ಬಡಿಗೆ ಕಸಿದುಕೊಂಡು ತಿರುಗಿ ಹೊಡೆದ, ಇಬ್ಬರನ್ನು ಕೆಡವಿದ. ಯಾರೋ ಹಿಂದಿನಿಂದ ಮೊಣಕಾಲಿಗೆ ಹೊಡೆದರು. ಕುಸಿದ. ಬಾಯಿಯಿಂದ ರಕ್ತ. ಎದ್ದ. ಮತ್ತೆ ಕೆಡವಿದರು. ಧೂಳಿನಲ್ಲಿ ಎತ್ತುಗಳು ಬೆದರಿ ಮಂದಿಯ ಮೇಲೇ ನುಗ್ಗುತ್ತಿದ್ದವು. ಅವರು ಹೊಡೆದ ಏಟಿಗೆ ಅವನು ಸಾಯುತ್ತಿರಲಿಲ್ಲ—ಇದನ್ನು ಸ್ಪಷ್ಟ ಬರೆಯುತ್ತೇನೆ. ತಿಂಗಳು ಮಲಗಿ ಏಳುತ್ತಿದ್ದ.

ನಾನು ಧೂಳಿನೊಳಗೆ ಹೋದೆ. ಅವನು ಒಂದು ಕೈ ಊರಿ ಏಳುತ್ತಿದ್ದ. ನನ್ನನ್ನು ಕಂಡು ಕೈ ಚಾಚಿದ—ಎಬ್ಬಿಸು ಎಂದು. ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕೆಲುಬಿನ ಕೆಳಗೆ ಹೊಗಿಸಿದೆ. ಒಮ್ಮೆ ಅಲ್ಲ. ಹೊರಗೆಳೆದು ಇನ್ನೊಮ್ಮೆ. ಬಿಸಿ ನನ್ನ ಮೊಣಕೈವರೆಗೆ ಬಂತು. ಯಾರೂ ನೂಕಿರಲಿಲ್ಲ, ಯಾರೂ ಹೇಳಿರಲಿಲ್ಲ. ಗೌಡರು ಅಷ್ಟು ದೂರ ಕಟ್ಟೆಯ ಮೇಲಿದ್ದರು. ಇದರಲ್ಲಿ ಅವರ ಹೆಸರು ಎಳೆದು ನನ್ನ ಭಾರ ಇಳಿಸಿಕೊಳ್ಳಲಾರೆ.

ಪ್ರಭು ನನ್ನ ಅಂಗಿ ಹಿಡಿದುಕೊಂಡ. ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹಿಂದೆ ಹೋಗಿತ್ತು. ಹಗ್ಗ ಎಳೆದುಕೊಂಡು ಕೆಂದ ಹೆಂಗಸರು ಮಕ್ಕಳು ನಿಂತಿದ್ದ ಕಡೆ ಓಡುತ್ತಿತ್ತು. “ಮಲ್ಯಾ, ಎತ್ತ ಹಿಡಿ” ಅಂದ. ಅಷ್ಟೇ. ಕೈ ಬಿಟ್ಟ.

ನಾನು ಹೋಗಿ ಹಿಡಿದೆ. ಅವನ ಮಾತು ನಡೆಸಿದೆ ನೋಡು—ಕೆಂದ ನನ್ನ ದನಿ ಕೇಳಿ ನಿಂತಿತು, ನನಗೆ ನಿಲ್ಲದ ಎತ್ತು ಊರಲ್ಲಿ ಇರಲಿಲ್ಲ. ಹಗ್ಗ ಹಿಡಿದ ಕೈ ನೋಡಿಕೊಂಡೆ. ಮೊಣಕೈತನಕ ಕೆಂಪು. ಗುಂಡು ತುದಿಯ ಹಿತ್ತಾಳೆ ಯಾರ ಹೊಟ್ಟೆಯೊಳಗೂ ಹೋಗುವುದಿಲ್ಲ ಎಂಬುದು ಆ ಹೊತ್ತಿನಲ್ಲೂ ನನಗೆ ಹೊಳೆಯಿತು. ಬಲಗೊಂಬಿನ ಟೊಪ್ಪಿಗೆಯನ್ನು ತಿರುವಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮೊನಚು ಕೊಂಬಿಗೆ ನನ್ನ ಎರಡೂ ಕೈ ಒರೆಸಿದೆ. ಆಮೇಲೆ ಕೂಗಿದೆ, ಎತ್ತು ಹಾಯಿತು ಎಂದು.

ಬಡಿಗೆ ಹಿಡಿದವರಿಗೂ ಆ ಮಾತು ಬೇಕಾಗಿತ್ತು. ಪೊಲೀಸರು ಬಂದಾಗ ಊರೆಲ್ಲ ಅದನ್ನೇ ಹೇಳಿತು. ಉಳಿದ ಗಾಯಗಳು ದನ ತುಳಿದದ್ದೆಂದಾಯಿತು.

ಮಣ್ಣು ಮಾಡಿದ ಮರುದಿನ ನಿಮ್ಮಪ್ಪ ಸಾಯಬಣ್ಣ ಕಾಕಾ ಗೌಡರ ಕೊಟ್ಟಿಗೆಗೆ ಬಂದ. ಒಳಗೆ ಬರಲಿಲ್ಲ, ಹೊರಗೇ ನಿಂತ. ಮನೆಯಲ್ಲಿ ನಿಮ್ಮವ್ವ ರೂತಮ್ಮ ಕಾಕಿ ಓಟಕ್ಕೆ ಮೊದಲೇ ಕಾಲಿಗೆ ಬಿದ್ದಿದ್ದಳಂತೆ, ಅಗಸಿಗೆ ಎತ್ತು ಒಯ್ಯಬೇಡಿರೆಂದು. ಒಯ್ಯಲಿ ಬಿಡು ಎಂದವನು ಕಾಕಾ.

“ಮಲ್ಲಣ್ಣಾ, ಕರು ಇದ್ದಾಗಿಂದ ನನ್ನ ಕೈಯಾಗ ತಿಂದದ ಅದು. ಎತ್ತಿನ ಗುಣ ನಿನಗ ಗೊತ್ತಿದ್ದಂಗ ಯಾರಿಗೂ ಗೊತ್ತಿಲ್ಲ. ಖರೇನ ಹಾಯ್ತೇನೋ?”

“ಹೌದ್ರಿ ಕಾಕಾ. ನಾ ಕಣ್ಣಾರೆ ನೋಡೀನಿ.”

ಆಗ ಇಲ್ಲ ಎಂದಿದ್ದರೆ—

ಕಾಕಾ ಮನೆಗೆ ಹೋಗಿ ಕೊಡಲಿ ತಂದು, ಕೆಂದನನ್ನು ಚರ್ಚಿನ ಗೋಡೆಯ ಹತ್ತಿರ ಹೊಡೆದುಕೊಂಡು ಹೋದ. ಅವನು ಎದುರಿಗೆ ನಿಂತರೆ ತುರಿಸಲಿ ಎಂದು ಹಣೆ ಒಡ್ಡುವುದು ಅದರ ರೂಢಿ. ಹಣೆ ಒಡ್ಡಿತು. ಮೊದಲ ಏಟಿಗೆ ಬೀಳಲಿಲ್ಲ. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಓಡಲಿಲ್ಲ, ಮತ್ತೆ ಅದೇ ಹಣೆ ಒಡ್ಡಿತು. ಕಾಕಾ ಅಳುತ್ತ, ಬೈಯುತ್ತ, ಹೊಡೆಯುತ್ತ ಹೋದ. ಮೊಣಕಾಲು ಮಡಿಚಿ ಬಿದ್ದ ಮೇಲೂ ಕೊಡಲಿ ನಿಲ್ಲಲಿಲ್ಲ. ನಾನು ಅಲ್ಲಿಯೇ ನಿಂತು ನೋಡಿದೆ. ಮಂದಿ ತಡೆಯಲು ಹೋದರೆ, ಬಿಡ್ರಿ ಅವನ ಸಂಕಟ ಎಂದವನು ನಾನು.

ಅಂದಿನಿಂದ ನಿಮ್ಮವ್ವ ಕಾಕಾನ ಜೊತೆ ಮಾತಾಡಲಿಲ್ಲ. ಅನ್ನ ನೀಡುತ್ತಿದ್ದಳು, ಮಾತು ನೀಡಲಿಲ್ಲ. ತಾನು ಸಾಕಿದ ಎತ್ತೇ ಮಗನನ್ನು ತಿಂದಿತು ಎಂದುಕೊಂಡೇ ಅವನು ಸತ್ತ. ಆ ಸಾವೂ ನನ್ನದೇ ಲೆಕ್ಕ.

ನಾನು ಬಾಳಿದೆ. ಗೌಡರ ಮನೆ ಬಿಟ್ಟೆ, ರಟ್ಟೆ ಮುರಿದು ದುಡಿದು ಸ್ವಂತ ಹೊಲ, ಸ್ವಂತ ಜೋಡಿ ಮಾಡಿದೆ. ಚೌಡಾಪುರದ ಕಡೆಯವರು ಕೂಡ ಎತ್ತು ಕೊಳ್ಳುವ ಮೊದಲು ನನ್ನನ್ನು ಕರೆದು ಗುಣ ಕೇಳುತ್ತಾರೆ. ಮಲ್ಲಣ್ಣ ಅಂದದ್ದು ಸುಳ್ಳಾಗುವುದಿಲ್ಲ ಎನ್ನುತ್ತಾರೆ. ಎದೆ ಉಬ್ಬಿಸಿಕೊಂಡು ಕೇಳಿದ್ದೇನೆ ಈ ಮಾತನ್ನು.

ಹೋದ ವಾರ ನೀನು ಬಟ್ಟೆಯ ಗಂಟು ಬಿಚ್ಚಿ ಪ್ರಭುವಿನ ಸಾಮಾನು ತೋರಿಸಿದೆ. ಬೆಲ್ಟು, ಅಲ್ಯೂಮಿನಿಯಂ ತಾಟು, ಒಂದು ಹಿತ್ತಾಳೆಯ ಕೋಡಣಸು. ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದೆ. “ಇದರ ತುದಿ ಗುಂಡಗ ಅದ. ದವಾಖಾನಿಗೆ ಎತ್ತು ಹಾಯ್ದವ್ರು ಬರ್ತಾರ, ನೋಡೀನಿ. ಇದು ಇದ್ದಾಗ ಕೊಂಬು ಒಳಗ ಹೆಂಗ ಹೋತಣ್ಣಾ?” ಎಂದೆ.

ಬಲಗೊಂಬಿನದು ಓಟದಲ್ಲಿ ಉದುರಿತ್ತು, ಧೂಳಿನಲ್ಲಿ ಹೋಯಿತು ಎಂದೆ ನಾನು. ನೀನು ನಂಬಿದೆ. ನಂಬಿ ಗಂಟು ಕಟ್ಟಿದೆ. ಆಮೇಲೆ, ಕಡೆಗೆ ಏನಾದರೂ ಅಂದನೇ ಎಂದು ಕೇಳಿದೆ. “ಅವ್ವಾ” ಅಂದ ಎಂದೆ ನಾನು. ನೀನು ಓಡಿಹೋಗಿ ನಿಮ್ಮವ್ವಗೆ ಹೇಳಿದೆ. ಕಣ್ಣು ಮಂಜಾದ ಆ ಮುದುಕಿ ಗೋಡೆ ಹಿಡಿದುಕೊಂಡು ನನ್ನ ಮನೆಯವರೆಗೆ ಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಈ ಕೈಗಳನ್ನು.

ಕಲ್ಲು ಕೆತ್ತುವವನ ಹತ್ತಿರ ಹೋಗಿದ್ದೆ. ‘ಎತ್ತು ಹಾಯ್ದು ತೀರಿಕೊಂಡ’ ಎಂಬ ಸಾಲನ್ನು ಅವನು ಇನ್ನೂ ಕೆತ್ತಿರಲಿಲ್ಲ. ಬಿಡು ಎಂದು ಹೇಳಿ ಬಂದಿದ್ದೇನೆ. ಅಲ್ಲಿ ಏನು ಬರೆಸಬೇಕೋ ಅದು ನಿನ್ನದು. ನನ್ನ ಹೆಸರು ಬರೆಸಿದರೂ ಕಲ್ಲನ್ನು ನನ್ನ ಬಂಡಿಯಲ್ಲೇ ತಂದು ಇಳಿಸುತ್ತೇನೆ. ಅದಾದ ಮೇಲೆ ಜೇವರ್ಗಿ ಠಾಣೆಗೆ ಹೋಗುತ್ತೇನೆ. ಅವರು ಏನು ಮಾಡುತ್ತಾರೋ ಅದು ಅವರಿಗೆ ಬಿಟ್ಟದ್ದು. ಕ್ಷಮೆ ಕೇಳಲು ಇದನ್ನು ಬರೆದಿಲ್ಲ.

ಒಂದೇ ಮಾತು. ಪ್ರಭು ಅವ್ವಾ ಅಂದಿಲ್ಲ ಎಂಬುದನ್ನು ನಿಮ್ಮವ್ವಗೆ ನೀನು ಹೇಳಬೇಡ. ಆ ಕೆಲಸ ನಿನ್ನ ತಲೆಗೆ ಬರಬಾರದು. ದನಕ್ಕೆ ಮೇವು ಹಾಕುವ ಗೋದಲಿಯ ಕೆಳಗೆ ಹೂತಿಟ್ಟಿದ್ದ ಬಲಗೊಂಬಿನ ಹಿತ್ತಾಳೆಯನ್ನು ಅಗೆದು ತೆಗೆದಿದ್ದೇನೆ. ಹಸಿರುಗಟ್ಟಿದೆ. ತಿಕ್ಕಿಲ್ಲ, ಹಾಗೆಯೇ ಇದೆ. ಭಾನುವಾರ ಚರ್ಚು ಬಿಟ್ಟ ಮೇಲೆ ಅವಳು ಬಾಗಿಲ ಮೆಟ್ಟಿಲ ಮೇಲೆ ಕೂಡುತ್ತಾಳಲ್ಲ, ಅಲ್ಲಿಗೆ ಬರುತ್ತೇನೆ. ಎಲ್ಲರ ಮುಂದೆ ಅದನ್ನು ಅವಳ ಕೈಯಲ್ಲಿಡುತ್ತೇನೆ. ಅವಳು ಬೆರಳಿನಿಂದ ತಡವಿ ಇದು ಏನು ಎಂದು ಕೇಳುತ್ತಾಳೆ.

ನಾನೇ ಹೇಳುತ್ತೇನೆ.