ಬಿದ್ದು ತೋರಿಸುವ ವಿಮೆಯವನು

ಪರದೇಶಕ್ಕೆ ಹೊರಟವರಿಗೆ ಆರೋಗ್ಯವಿಮೆ ಮಾಡಿಸುವ ಈ ಮನುಷ್ಯ ಬರೀ ಬಾಯಲ್ಲಿ ಹೇಳಿ ಸುಮ್ಮನಾಗುವವನಲ್ಲ, ಒಂದೊಂದು ಕಾಯಿಲೆಯನ್ನೂ ಮಾಡಿ ತೋರಿಸುತ್ತಾನೆ. ಅವನ ಪ್ಯಾಂಟಿನ ಮೊಣಕಾಲು ಸವೆದಿರುವುದು ಭಕ್ತಿಯಿಂದಲ್ಲ, ಹಾಗೆ ಬಿದ್ದು ಬಿದ್ದು. ನಾನು ಕುರ್ಚಿಯಲ್ಲಿ ಕೂತು, "ಎರಡು ವರ್ಷಕ್ಕೆ ಹೋಗ್ತಿದೀನಿ, ಯಾವ ಪಾಲಿಸಿ ಸಾಕು?" ಎಂದದ್ದೇ ತಡ, ಧೊಪ್ಪೆಂದು ನೆಲಕ್ಕೆ ಬಿದ್ದ. ನಾನು ಎಬ್ಬಿಸಲು ಬಗ್ಗಿದೆ. "ಅಲ್ಲಿನ ಬಚ್ಚಲಲ್ಲಿ ಹೀಗೆ ಜಾರಿದ್ರೆ ಯಾರಿದಾರೆ ಸಾರ್ ನಿಮಗೆ?" ಎಂದು ಮಲಗಿದಲ್ಲಿಂದಲೇ ಕೇಳಿದ. ಹಲ್ಲುನೋವಿಗೆ ದವಡೆ ಹಿಡಿದು ಗೋಳಾಡಿದ. ಹೃದಯಾಘಾತಕ್ಕೆ ಮೇಜಿಗೊರಗಿ ಮೇಲುಗಣ್ಣು ಮಾಡಿದಾಗಲಂತೂ ನಾನು ಕಿರುಚಿಯೇಬಿಟ್ಟೆ. ಪಕ್ಕದ ಜೆರಾಕ್ಸ್ ಅಂಗಡಿಯಾಕೆ ಬಂದು, "ಗಾಬರಿ ಆಗ್ಬೇಡಿ, ಈಗ ಎದ್ದೇಳ್ತಾರೆ" ಎಂದು ನನಗೇ ನೀರು ಕೊಟ್ಟಳು. ಕೊನೆಗೆ ಉಳಿದದ್ದು ಒಂದೇ, ಅಲ್ಲಿ ಸತ್ತರೆ ಹೆಣವನ್ನು ಊರಿಗೆ ತರಿಸುವ ಖರ್ಚು. ಅದನ್ನು ಹೇಳುವಾಗ ಮಾತ್ರ ಅವನು ಅಂಗಿಯ ಧೂಳು ಕೊಡವಿಕೊಂಡು ನೆಟ್ಟಗೆ ಕೂತ. "ಇದನ್ನ ಮಾಡಿ ತೋರಿಸಲ್ವಾ?" ಎಂದು ನಗುತ್ತ ಕೇಳಿದೆ. "ನಮ್ಮಣ್ಣನ್ನ ಅಲ್ಲೇ ಮಣ್ಣು ಮಾಡಿದ್ರು ಸಾರ್" ಎಂದ. "ಅಮ್ಮ ಇಲ್ಲಿ ಫೋನು ಕಿವಿಗಿಟ್ಕೊಂಡು ಮಣ್ಣು ಬೀಳೋ ಸದ್ದು ಕೇಳಿಸ್ಕೊಂಡ್ಲು. ಅದನ್ನ ಹೇಗೆ ಮಾಡಿ ತೋರಿಸ್ಲಿ?"